ಒಬ್ಬಟ್ಟು ಬಾಯಲ್ಲಿದ್ದಾಗ ನಿಂತುಹೋದ ಕ್ಯಾಸೆಟ್ಟು

ಪುಟ್ಟೀ, ಚಿನ್ನೂ,

ಇದನ್ನು ನೀವೇ ಓದುತ್ತೀರೋ, ನಿಮ್ಮಪ್ಪನ ಕೈಲಿ ಓದಿಸಿ ಕೇಳುತ್ತೀರೋ ನನಗೆ ಗೊತ್ತಿಲ್ಲ. ಪುಟ್ಟಿ ಕನ್ನಡದ ಅಕ್ಷರಗಳನ್ನು ಕೂಡಿಸಿಕೊಂಡು ಓದುತ್ತಾಳೆ, ಒತ್ತಕ್ಷರ ಬಂದಲ್ಲಿ ನಿಂತುಬಿಡುತ್ತಾಳೆ. ಚಿನ್ನುವಿಗೆ ಅಷ್ಟೂ ಇಲ್ಲ. ಆದರೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ನನಗೆ ಬರೆಯಲು ಬರುವುದು ಇದೊಂದೇ ಭಾಷೆ.

ಹೋದ ಭಾನುವಾರ ನಾನು ಟೀವಿಯ ಮುಂದೆ ಎದ್ದು ನಿಂತು ಆಡಿದ ಆಟವನ್ನು ನೀವು ನೋಡಿದಿರಿ. ಮನೆಗೆ ಯಾರಾದರೂ ಬಂದರೆ ಅಡುಗೆಮನೆಯಿಂದ ಈಚೆ ಬಾರದ ಅಜ್ಜಿಗೆ ಇದೇನಾಯಿತು ಎಂದು ನಿಮಗೆ ಅನಿಸಿರಬೇಕು. ಅವತ್ತು ವಿವರಿಸಿ ಹೇಳಲು ನನಗೆ ಬಾಯಿ ಬರಲಿಲ್ಲ. ಈಗ ಬರೆಯುತ್ತೇನೆ. ಬೇಗ ಬರೆದು ಮುಗಿಸಬೇಕು ಎನ್ನುವ ಗಾಬರಿಯೂ ಇದೆ. ಈಚೆಗೆ ಸ್ಟವ್ ಆರಿಸಿದೆನೋ ಇಲ್ಲವೋ ಎಂದು ಎರಡೆರಡು ಸಲ ಎದ್ದು ಹೋಗಿ ನೋಡುತ್ತೇನೆ. ಬೇರೆ ಏನು ಮರೆತರೂ ಪರವಾಗಿಲ್ಲ, ಇದನ್ನು ಮರೆಯಬಾರದು.

ನಿಮ್ಮ ತಾತ ವಿಮೆ ಕಚೇರಿಯಲ್ಲಿದ್ದರು. ಮದುವೆಯಾದ ಹೊಸದರಲ್ಲೇ ಅವರಿಗೆ ಸೂರತ್ತಿಗೆ ವರ್ಗವಾಯಿತು. ವರಾಛಾದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಕೆಳಗಡೆ ವಜ್ರಕ್ಕೆ ಸಾಣೆ ಹಿಡಿಯುವ ಕಾರ್ಖಾನೆ. ಬೆಳಗಿನಿಂದ ಸಂಜೆಯವರೆಗೆ ಚಕ್ರಗಳ ಅದುರು ನೆಲದಿಂದ ನನ್ನ ಅಂಗಾಲಿಗೆ ಹತ್ತುತ್ತಿತ್ತು. ಆ ಬೀದಿಯ ಒಂದು ಮಾತೂ ನನಗೆ ಅರ್ಥವಾಗುತ್ತಿರಲಿಲ್ಲ. ತರಕಾರಿಯವಳ ಹತ್ತಿರ ಬೆರಳು ತೋರಿಸಿ ಕೊಳ್ಳುತ್ತಿದ್ದೆ. ಅವಳು ತಿರುಗಿ ಏನಾದರೂ ಕೇಳಿದರೆ ಅರ್ಧಕ್ಕೇ ಬಿಟ್ಟು ಮನೆಗೆ ಬಂದುಬಿಡುತ್ತಿದ್ದೆ.

ಆಗ ಬೆಂಗಳೂರಿನ ಟೀವಿಯಲ್ಲಿ ವಾರಕ್ಕೊಮ್ಮೆ ಒಂದು ನಗೆ ಕಾರ್ಯಕ್ರಮ ಬರುತ್ತಿತ್ತು. ಅರ್ಧ ಗಂಟೆಯಲ್ಲಿ ನಾಲ್ಕೈದು ಪುಟ್ಟ ಪ್ರಹಸನಗಳು. ಅದೇ ಐದು ಜನ ಒಮ್ಮೆ ಪೊಲೀಸಾಗಿ, ಒಮ್ಮೆ ಕಳ್ಳನಾಗಿ, ಒಮ್ಮೆ ಬೀಗಿತ್ತಿಯಾಗಿ ಬರುತ್ತಿದ್ದರು. ಸೂರತ್ತಿನಲ್ಲಿ ಅದು ಕಾಣಿಸುತ್ತಿರಲಿಲ್ಲ. ಬೆಂಗಳೂರಿನಲ್ಲಿದ್ದ ನಿಮ್ಮ ಚಿಕ್ಕ ತಾತ, ಅಂದರೆ ತಾತನ ತಮ್ಮ, ಅದನ್ನು ವೀಡಿಯೊ ಕ್ಯಾಸೆಟ್ಟಿಗೆ ಇಳಿಸಿ ಈ ಕಡೆಗೆ ರೈಲು ಹತ್ತುವ ಯಾರ ಕೈಲಾದರೂ ಕಳಿಸುತ್ತಿದ್ದರು. ಕ್ಯಾಸೆಟ್ಟು ಸ್ವಲ್ಪವೂ ಖಾಲಿ ಹೋಗಬಾರದು ಎಂದು ಜಾಹೀರಾತು ಬಂದಾಗ ನಿಲ್ಲಿಸಿ, ಮುಗಿದಾಗ ಮತ್ತೆ ಗುಂಡಿ ಒತ್ತಿ ತುಂಬುತ್ತಿದ್ದರು. ಹಾಗೆ ತುಂಬಿ ತುಂಬಿ ಒಂದು ಕ್ಯಾಸೆಟ್ಟಿನ ಕೊನೆಯ ಪ್ರಹಸನಕ್ಕೆ ಟೇಪು ಸಾಲಲಿಲ್ಲ.

ಅದು ಮದುವೆ ಊಟದ ಪ್ರಹಸನ. ಕರೆಯದೆ ಬಂದ ಒಬ್ಬ ಬಡಕಲು ಮನುಷ್ಯ ಪಂಕ್ತಿಯಲ್ಲಿ ಕೂತು ಒಬ್ಬಟ್ಟಿನ ಮೇಲೆ ಒಬ್ಬಟ್ಟು ಹಾಕಿಸಿಕೊಳ್ಳುತ್ತಾನೆ. ಹೆಣ್ಣಿನ ಮನೆಯವರು ಹತ್ತಿರ ಬಂದರೆ ಗಂಡಿನ ದೊಡ್ಡಪ್ಪನ ಹಾಗೆ ಬಿಗಿದುಕೊಳ್ಳುತ್ತಾನೆ. ಗಂಡಿನ ಮನೆಯವರು ಬಂದರೆ ಹೆಣ್ಣಿನ ಸೋದರಮಾವನ ಹಾಗೆ ಹಲ್ಲು ಕಿರಿದು ಉಪಚಾರ ಮಾಡುತ್ತಾನೆ. ಕೊನೆಗೆ ಹೆಣ್ಣಿನ ಅಪ್ಪ ಎಡಗಡೆ, ಗಂಡಿನ ಅಪ್ಪ ಬಲಗಡೆ ಬಂದು ನಿಂತು ಒಟ್ಟಿಗೇ ಕೇಳುತ್ತಾರೆ: "ತಾವು ಯಾರ ಕಡೆಯೋರು?" ಅವನ ಬಾಯಿ ತುಂಬ ಒಬ್ಬಟ್ಟು. ತಡೀರಿ ಎನ್ನುವಂತೆ ಒಂದು ಬೆರಳು ಎತ್ತುತ್ತಾನೆ. ಅಗಿಯುತ್ತಾನೆ. ಅಷ್ಟೇ. ಆಮೇಲೆ ಪರದೆಯ ತುಂಬ ಬಿಳಿ ಚುಕ್ಕೆ, ಸೊಯ್ ಎನ್ನುವ ಸದ್ದು.

ಮೊದಲ ಸಲ ಅದನ್ನು ನೋಡಿದ್ದು ಒಂದು ಭಾನುವಾರ, ಬಾಡಿಗೆಗೆ ತಂದ ಮಿಷನ್ನಿನಲ್ಲಿ. ಊರಾಚೆ ಸಚಿನ್ ಎಂಬ ಜಾಗದ ಬಟ್ಟೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಕನ್ನಡದವರು, ಬ್ಯಾಂಕಿನವರು, ಅವರ ಮಕ್ಕಳು ಎಲ್ಲ ನಮ್ಮ ಮುಂದಿನ ಕೋಣೆಯಲ್ಲಿ ಇಕ್ಕಟ್ಟಾಗಿ ಕೂತಿದ್ದರು. ನಾನು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದೆ. ಚುಕ್ಕೆ ಬಂದ ಕೂಡಲೇ, "ಅಯ್ಯೋ, ಮುಂದೇನ್ರೀ?" ಎಂದು ಎಲ್ಲರೂ ಕೂಗಿದರು. ನಿಮ್ಮ ತಾತ ಎದ್ದು ಪಂಚೆ ಸರಿಮಾಡಿಕೊಂಡು ಟೀವಿಯ ಮುಂದೆ ನಿಂತರು.

ಬೆರಳು ಎತ್ತಿದರು. ಅಗಿದರು, ನುಂಗಿದರು. ಒಂದು ಲೋಟ ನೀರು ಕುಡಿದಂತೆ ಮಾಡಿದರು. ಎಡಗಡೆ ನೋಡಿದರು, ಬಲಗಡೆ ನೋಡಿದರು. ಆಮೇಲೆ, ತಮ್ಮ ಮನೆಗೇ ಬಂದವರನ್ನು ಮಾತನಾಡಿಸುವ ಹಾಗೆ, "ಅದಿರ್ಲಿ, ನಿಮ್ಮಿಬ್ರದೂ ಊಟ ಆಯ್ತಾ?" ಎಂದರು.

ಕೋಣೆಯೆಲ್ಲ ಗೊಳ್ಳೆಂದಿತು. ಅವರು ಬಿಡಲಿಲ್ಲ. "ಬೆಳಿಗ್ಗೆಯಿಂದ ನಿಂತೇ ಇದ್ದೀರಾ? ಒಬ್ರೂ ಕೇಳ್ಲಿಲ್ವಾ? ಛೆ, ಏನು ಮದುವೆ ಮಾಡ್ತಾರೋ ಜನ! ಯಾರಪ್ಪಾ ಬಡಿಸೋರು, ಇಲ್ಲೆರಡು ಎಲೆ ಹಾಕು!" ಎಂದು, ಇಲ್ಲದ ಇಬ್ಬರ ಹೆಗಲ ಮೇಲೆ ಕೈಯಿಟ್ಟು ಕೂರಿಸಿದರು. ಪಂಚೆ ಎತ್ತಿ ಕಟ್ಟಿ ತಾವೇ ಒಬ್ಬಟ್ಟು ಬಡಿಸಿದರು. ಬಗ್ಗಿ ತುಪ್ಪ ಬಿಟ್ಟರು. ಕೊನೆಯಲ್ಲಿ, "ನಾಚ್ಕೋಬೇಡಿ, ನಿಮ್ಮನೇದೇ ಮದುವೆ ಅಂದ್ಕೊಳ್ಳಿ" ಎಂದರು.

ಸೂರತ್ತಿಗೆ ಬಂದ ಮೇಲೆ ನಾನು ಸದ್ದು ಬರುವಂತೆ ನಕ್ಕದ್ದು ಅದೇ ಮೊದಲು. ಸೆರಗು ಬಾಯಿಗೆ ತುರುಕಿಕೊಂಡರೂ ಕೇಳಿಸಿಬಿಟ್ಟಿತು.

ಅಲ್ಲಿಂದ ಮುಂದೆ ಆ ಕ್ಯಾಸೆಟ್ಟು ಹಾಕಿದಾಗಲೆಲ್ಲ ಜನ ಕಾಯುತ್ತಿದ್ದದ್ದು ಅದು ನಿಲ್ಲುವುದನ್ನು. ವಡೋದರಕ್ಕೆ ವರ್ಗವಾಗಿ ಅಲ್ಕಾಪುರಿಯಲ್ಲಿ ಮನೆ ಮಾಡಿದ ಮೇಲೆ ಓದಲು ಬಂದ ಕನ್ನಡದ ಹುಡುಗರು ಹಬ್ಬದ ಊಟಕ್ಕೆ ಬರುತ್ತಿದ್ದರು, ಪಕ್ಕದ ಮನೆಯ ಗುಜರಾತಿಗಳೂ ಬರುತ್ತಿದ್ದರು. ಅವರಿಗಾಗಿ ತಾತ ಇಬ್ಬರದೂ ಊಟ ಆಯ್ತಾ ಎನ್ನುವುದನ್ನು "ತಮೇ ಬನ್ನೇ ಜಮ್ಯಾ?" ಎಂದು ಗುಜರಾತಿಯಲ್ಲೇ ಕೇಳುತ್ತಿದ್ದರು.

ನಿಜವಾದ ಕೊನೆ ಏನೆಂದು ಚಿಕ್ಕ ತಾತನಿಗೆ ಗೊತ್ತಿತ್ತು. ಒಮ್ಮೆ ವಡೋದರಕ್ಕೆ ಬಂದವರು ಊಟಕ್ಕೆ ಕೂತು ಬಾಯಿ ತೆರೆದರು.

"ಅಣ್ಣ, ಅದರಲ್ಲಿ ಕೊನೆಗೆ ಆಗೋದೇನು ಗೊತ್ತಾ—"

"ಹೇಳಿದ್ರೆ ನಿನಗಿವತ್ತು ಬರೀ ಮಜ್ಜಿಗೆ ಅನ್ನ."

"ಅಲ್ಲಣ್ಣ, ಒಂದೇ ಮಾತು."

"ಮಜ್ಜಿಗೇನೂ ಇಲ್ಲ. ಲೇ, ಇವನ ತಟ್ಟೆ ಎತ್ತು."

ಚಿಕ್ಕ ತಾತ ನಗುತ್ತಾ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಮತ್ತೆಂದೂ ಆ ಮಾತು ಎತ್ತಲಿಲ್ಲ.

ನಿಮ್ಮಪ್ಪ ಆಗ ಶಾಲೆಗೆ ಹೋಗುತ್ತಿದ್ದ. ಮನೆಗೆ ಸ್ವಂತ ಮಿಷನ್ನು ಬಂದಿತ್ತು. ಒಂದು ದಿನ ಕ್ರಿಕೆಟ್ ಹಿಡಿದಿಡುವ ಉತ್ಸಾಹದಲ್ಲಿ ಇದೇ ಕ್ಯಾಸೆಟ್ಟು ಹಾಕಿ ಗುಂಡಿ ಒತ್ತಿಬಿಟ್ಟ. ನೋಡಿದರೆ ಮೊದಲ ಪ್ರಹಸನದ ಜಾಗದಲ್ಲಿ ಒಬ್ಬ ಬೌಲರು ಓಡಿ ಬರುತ್ತಿದ್ದಾನೆ. ತಾತ ಬೈಯಲಿಲ್ಲ. ತರಕಾರಿ ಚಾಕು ತೆಗೆದುಕೊಂಡು ಕ್ಯಾಸೆಟ್ಟಿನ ಬೆನ್ನಿನಲ್ಲಿದ್ದ ಒಂದು ಸಣ್ಣ ಪ್ಲಾಸ್ಟಿಕ್ ತುಂಡನ್ನು ಟಕ್ಕೆಂದು ಮುರಿದರು. "ಇದನ್ನ ಮುರಿದ್ರೆ ಆಯ್ತು, ಇನ್ನು ಇದರ ಮೇಲೆ ಬೇರೇನೂ ಕೂರಲ್ಲ" ಎಂದರು.

ತಾತ ಹೋದಾಗ ಪುಟ್ಟಿ ತೊಟ್ಟಿಲಲ್ಲಿದ್ದಳು, ಚಿನ್ನು ಹುಟ್ಟಿರಲಿಲ್ಲ. ಅಷ್ಟು ಹೊತ್ತಿಗೆ ನಾವು ಅಹಮದಾಬಾದಿಗೆ ಬಂದಿದ್ದೆವು. ಮಿಷನ್ನು ಗುಜರಿಗೆ ಹೋಗಿತ್ತು, ಕ್ಯಾಸೆಟ್ಟಿನೊಳಗೆ ಬಿಳಿ ಬೂಷ್ಟು ಹಿಡಿದಿತ್ತು. ತಾತನ ಆಟವನ್ನು ಯಾರೂ ಯಾವುದರಲ್ಲೂ ಹಿಡಿದಿಟ್ಟಿರಲಿಲ್ಲ. ನೋಡಿದವರೆಲ್ಲ ಊರೂರಿಗೆ ವರ್ಗವಾಗಿ ಹೋದರು. ಉಳಿದದ್ದು ನನ್ನ ತಲೆಯೊಳಗೆ ಇದ್ದಷ್ಟೇ.

ಹೀಗಿರುವಾಗ ಚಿಕ್ಕ ತಾತನ ಮನೆಯಿಂದ ಆ ಪೆಟ್ಟಿಗೆ ಬಂತು. ಆ ಹಳೆಯ ಕಾರ್ಯಕ್ರಮವನ್ನು ಈಗ ಡಿವಿಡಿಯಲ್ಲಿ ತಂದಿದ್ದಾರಂತೆ. ನಿಮ್ಮಪ್ಪ ಕುಣಿದಾಡಿದ. "ಅಮ್ಮ, ಪೂರ್ತಿ ಇದೆ! ಒಂದೂ ಕತ್ತರಿಸಿಲ್ಲ. ಭಾನುವಾರ ಎಲ್ರೂ ಕೂತು ನೋಡೋಣ" ಎಂದ. ಪೂರ್ತಿ ಎನ್ನುವ ಮಾತು ಕೇಳಿ ನನಗೆ ಭಯ ಹತ್ತಿತು.

ನಿಜವಾದ ಕೊನೆ ತಾತನದಕ್ಕಿಂತ ಚೆನ್ನಾಗಿರಬಹುದು ಎಂಬ ಭಯವಲ್ಲ. ನೋಡಿದ ಮೇಲೆ ಅದು ಹೋಗಿ ತಾತನದರ ಮೇಲೆ ಕೂತುಬಿಟ್ಟರೆ? ನನ್ನ ತಲೆಯಲ್ಲಿ ಮುರಿಯುವುದಕ್ಕೆ ಅಂಥ ತುಂಡಿಲ್ಲವಲ್ಲ. ಆ ವಾರವೆಲ್ಲ ಚಪಾತಿ ಲಟ್ಟಿಸುವಾಗ, ಬಟ್ಟೆ ಮಡಿಸುವಾಗ ಮನಸ್ಸಿನಲ್ಲೇ ಒಪ್ಪಿಸಿಕೊಂಡೆ: ಬೆರಳು, ಅಗಿಯುವುದು, ನೀರು, ಎಡ, ಬಲ. ಒಮ್ಮೆ ನೀರು ಬಿಟ್ಟುಹೋಯಿತು. ಮತ್ತೆ ಮೊದಲಿನಿಂದ ಶುರುಮಾಡಿದೆ. ಆ ಪೆಟ್ಟಿಗೆ ಕಣ್ಣಿಗೆ ಬೀಳದಿರಲಿ ಎಂದು ಟೀವಿಯ ಹತ್ತಿರದಿಂದ ತೆಗೆದು ದೇವರ ಗೂಡಿನ ಹಿಂದೆ ಇಟ್ಟೆ. ನಿಮ್ಮಪ್ಪ ಹುಡುಕಿ ಹುಡುಕಿ, "ಇದೇನಮ್ಮ, ಇದಕ್ಕೂ ಪೂಜೆ ಮಾಡ್ತೀಯಾ?" ಎಂದು ಎತ್ತಿಕೊಂಡು ಹೋದ. ಕರೆಂಟಾದರೂ ಹೋಗಲಿ ಎಂದುಕೊಂಡೆ. ಅಹಮದಾಬಾದಿನಲ್ಲಿ ಅದೂ ಹೋಗುವುದಿಲ್ಲ.

ಭಾನುವಾರ ಬಂತು. ನಿಮ್ಮಮ್ಮ ಕಚೇರಿಯ ಕೆಲಸಕ್ಕೆ ವಡೋದರಕ್ಕೆ ಹೋಗಿದ್ದಳು. ಮೊದಮೊದಲು ನಿಮಗೆ ನಗು ಬರಲಿಲ್ಲ. "ಅಜ್ಜಿ, ಬೀಗಿತ್ತಿ ಅಂದ್ರೆ?" ಎಂದು ಪುಟ್ಟಿ ಕೇಳಿದಳು. "ವೇವಾಣ್" ಎಂದು ಗುಜರಾತಿಯಲ್ಲಿ ಹೇಳಿದೆ. ಆಮೇಲೆ ಇಬ್ಬರೂ ತಡವಾಗಿ ನಕ್ಕಿರಿ. ಅಷ್ಟರಲ್ಲಿ ಪರದೆಯ ಮೇಲೆ ಬಾಳೆ ಎಲೆಗಳ ಸಾಲು ಕಾಣಿಸಿತು. "ಹಾಲು ಒಲೆ ಮೇಲಿದೆ ಅನ್ಸತ್ತೆ" ಎಂದು ನಾನು ಏಳಹೊರಟೆ.

"ಹಾಲು ಫ್ರಿಜ್ಜಲ್ಲಿದೆ. ಕೂತ್ಕೋಮ್ಮ."

ಕೂತೆ. ಅದೇ ಬಡಕಲು ಮನುಷ್ಯ, ಅದೇ ಬೆರಳು. ಚುಕ್ಕೆ ಬರಬೇಕಾದ ಜಾಗ ಬಂತು, ಚುಕ್ಕೆ ಬರಲಿಲ್ಲ. ಅವನು ಅಗಿಯುತ್ತಲೇ ಇದ್ದ. ನುಂಗಿ, ಜೋರಾಗಿ ತೇಗಿದ. ಇಬ್ಬರು ಅಪ್ಪಂದಿರೂ ತೋಳೇರಿಸಿದರು. ಅವನು ಎರಡು ಒಬ್ಬಟ್ಟನ್ನು ಅಂಗಿಯೊಳಗೆ ಸೇರಿಸಿಕೊಂಡು ಓಟ ಕಿತ್ತ. ಮದುವೆ ಮನೆಯೆಲ್ಲ ಅವನ ಹಿಂದೆ ಓಡಿತು. ಮಂಟಪ ಸುತ್ತಿ ಸುತ್ತಿ ಕೊನೆಗೆ ಪಾಯಸದ ಕೊಪ್ಪರಿಗೆಯಲ್ಲಿ ಬಿದ್ದ. ಮುಗಿಯಿತು.

ಚಿನ್ನು ನೆಲದ ಮೇಲೆ ಉರುಳಾಡಿ ನಕ್ಕ. "ಫರೀಥೀ ಪಪ್ಪಾ, ಫರೀಥೀ!" ಎಂದು ಮತ್ತೊಮ್ಮೆ ಹಾಕಿಸಿಕೊಂಡ. ಪುಟ್ಟಿಯೂ ನಕ್ಕಳು. ಸುಳ್ಳೇಕೆ ಹೇಳಲಿ, ನನಗೂ ಸ್ವಲ್ಪ ನಗು ಬಂತು. ಬಂದದ್ದಕ್ಕೇ ಹೆದರಿದೆ.

ನಿಮ್ಮಪ್ಪ ಕಣ್ಣೊರೆಸಿಕೊಳ್ಳುತ್ತಾ, "ಅಪ್ಪಾನೂ ಇದನ್ನೇ ಮಾಡ್ತಿದ್ರಲ್ವೇನಮ್ಮ? ಸೋಫಾ ಸುತ್ತ ಓಡ್ತಿದ್ರು" ಎಂದ.

"ಓಡ್ತಿರ್ಲಿಲ್ಲ ಕಣೋ" ಎಂದೆ.

"ಓಡ್ತಿದ್ರಮ್ಮ. ನಂಗೆ ಚೆನ್ನಾಗಿ ಜ್ಞಾಪಕ ಇದೆ."

"ವಡೋದರದಲ್ಲಿ ನಮ್ಮನೇಲಿ ಸೋಫಾನೇ ಇರ್ಲಿಲ್ಲ."

ಅವನು ನನ್ನ ಮುಖ ನೋಡಿದ. "ಮತ್ತೇನು ಮಾಡ್ತಿದ್ರು?" ಎಂದು ಕೇಳಿದ.

ಹೇಳಲು ಬಾಯಿ ತೆರೆದೆ. ಕಣ್ಣ ಮುಂದೆ ಪಾಯಸದ ಕೊಪ್ಪರಿಗೆ ಬಂದು ನಿಂತಿತು. ಒಂದು ಗಳಿಗೆ ಬೇರೆ ಏನೂ ಇರಲಿಲ್ಲ, ನಿಜಕ್ಕೂ ಏನೂ. ವಾರವೆಲ್ಲ ಒಪ್ಪಿಸಿಕೊಂಡದ್ದು ಎಲ್ಲಿ ಹೋಯಿತು? ಕೂತಲ್ಲೇ ಇದ್ದರೆ ಬರುವುದಿಲ್ಲ ಅನಿಸಿತು. ಎದ್ದು ನಿಂತೆ.

"ಪುಟ್ಟಿ, ಈ ಕಡೆ ಬಾ. ನೀನು ಹೆಣ್ಣಿನ ಅಪ್ಪ. ಚಿನ್ನು ಆ ಕಡೆ, ನೀನು ಗಂಡಿನ ಅಪ್ಪ. ಈಗ ಕೇಳಿ ನನ್ನ."

ನೀವು ಕೇಳಿದಿರಿ. ನನ್ನ ಬೆರಳು ತಾನಾಗಿ ಮೇಲೆ ಹೋಯಿತು. ಅಗಿದೆ. ನೀರು ಕುಡಿದೆ. ಆ ಕಡೆ ಈ ಕಡೆ ನೋಡಿದೆ. ಬಾಯಿಂದ ಬಂದದ್ದು "ತಮೇ ಬನ್ನೇ ಜಮ್ಯಾ?" ಎಂದು. ಯಾರೂ ಹೇಳಿಕೊಡದೆ ಇಬ್ಬರೂ ಇಲ್ಲವೆಂದು ತಲೆ ಆಡಿಸಿದಿರಿ. ಚಿನ್ನು ಹೊಟ್ಟೆಯನ್ನೂ ಸವರಿಕೊಂಡ. ನಿಮ್ಮನ್ನು ಹೆಗಲು ಹಿಡಿದು ಕೂರಿಸಿ ಬಡಿಸಿದೆ. ಬಗ್ಗಿ ತುಪ್ಪ ಬಿಟ್ಟೆ.

ಅಲ್ಲಿಗೆ ನಿಂತೆ. ಕೊನೆಯ ಮಾತು ಬರಲಿಲ್ಲ. ಇಲ್ಲದ ತುಪ್ಪದ ಮಿಳ್ಳೆ ಹಿಡಿದುಕೊಂಡು ಬಗ್ಗಿಯೇ ಇದ್ದೆ. ನೀವಿಬ್ಬರೂ ತಲೆಯೆತ್ತಿ ಕಾಯುತ್ತಿದ್ದಿರಿ. ನನ್ನ ಕಿವಿಯೊಳಗೆ ಆ ಸೊಯ್ ಎನ್ನುವ ಸದ್ದು ಮಾತ್ರ.

ಆಗ ಹಿಂದಿನಿಂದ ನಿಮ್ಮಪ್ಪನ ಧ್ವನಿ, ಸಣ್ಣದಾಗಿ: "ನಾಚ್ಕೋಬೇಡಿ. ನಿಮ್ಮನೇದೇ ಮದುವೆ ಅಂದ್ಕೊಳ್ಳಿ."

ಹೇಳಿದವನು ತಾನೇ ಬೆಚ್ಚಿದ. ಅದು ತನ್ನೊಳಗೆ ಇತ್ತೆಂದು ಅವನಿಗೂ ಗೊತ್ತಿರಲಿಲ್ಲ. ಪುಟ್ಟಿಗೆ ಅರ್ಥವಾಗಿ ನಕ್ಕಳು, ಚಿನ್ನುವಿಗೆ ಗುಜರಾತಿಯಲ್ಲಿ ಹೇಳಿದಳು, ಅವನೂ ನಕ್ಕ. ಪಾಯಸದಷ್ಟು ಅಲ್ಲ. ಆದರೂ ನಕ್ಕ.

"ಅಜ್ಜಿ, ಇನ್ನೊಂದ್ ಸಲ ಮಾಡು, ವೀಡಿಯೊ ತಗೋತೀನಿ" ಎಂದು ಪುಟ್ಟಿ ಫೋನು ಎತ್ತಿದಳು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಡುಗೆಮನೆಗೆ ಹೋದೆ. ಬೇಜಾರು ಮಾಡಿಕೊಳ್ಳಬೇಡ ಪುಟ್ಟಿ. ಫೋನಿನ ಮುಂದೆ ನನ್ನಿಂದ ಆಗದು. ಅದಕ್ಕೇ ಈ ಬರವಣಿಗೆ.

ಬರೆದರೂ ಗಾಬರಿ ಪೂರ್ತಿ ಹೋಗಿಲ್ಲ. ತಾತ ಮೊದಲು ಎಡಗಡೆ ನೋಡುತ್ತಿದ್ದರೋ ಬಲಗಡೆಯೋ ಎಂದು ನಿನ್ನೆಯಿಂದ ಅನುಮಾನ. ಎಡ ಎಂದೇ ಬರೆದಿದ್ದೇನೆ. ನೀವು ಮಾಡುವಾಗ ಯಾವ ಕಡೆ ಮೊದಲು ನೋಡಿದರೂ ನಡೆಯುತ್ತದೆ, ಓಡಬೇಡಿ ಅಷ್ಟೇ. ತಾತ ಓಡುತ್ತಿದ್ದರು ಎಂದು ನಿಮ್ಮಪ್ಪ ಮತ್ತೆ ಹೇಳಿದರೆ ಇದನ್ನು ತೋರಿಸಿ.

ಈ ಹಾಳೆಗಳನ್ನು ಬೂಷ್ಟು ಹಿಡಿದ ಆ ಕ್ಯಾಸೆಟ್ಟಿನ ಜೊತೆಯಲ್ಲೇ ನನ್ನ ಬೀರುವಿನಲ್ಲಿ ಇಡುತ್ತೇನೆ. ಮನೆ ಬದಲಾಯಿಸುವಾಗ, ಹಳೇ ಪೇಪರು ಕೊಳ್ಳುವ ಪಸ್ತಿಯವನು ಬಂದಾಗ, ಒಮ್ಮೆ ಕೈಹಾಕಿ ನೋಡಿ ಇವು ಇವೆಯೋ ಎಂದು. ಕ್ಯಾಸೆಟ್ಟಿಗೆ ಆ ತುಂಡು ಮುರಿದು ಕಾಪಾಡಬಹುದಿತ್ತು. ಕಾಗದಕ್ಕೆ ಅಂಥದ್ದೇನೂ ಇಲ್ಲ ಮಕ್ಕಳೇ, ನೀವಿಬ್ಬರೇ. ಜೋಪಾನವಾಗಿ ಇಟ್ಟುಕೊಳ್ಳಿ.