ಮಾವನ ಕಾರು, ನನ್ನ ಮೀಟರು

ಎಂಬತ್ತರ ದಶಕದ ಆರಂಭದಲ್ಲಿ ಅಲ್ಲಾಳಸಂದ್ರದಲ್ಲಿ ಕಾರು ಓಡಿಸುತ್ತಿದ್ದ ಹೆಂಗಸು ನಾನೊಬ್ಬಳೇ. ಇದನ್ನು ನಾಚಿಕೊಂಡು ಹೇಳುವ ವಯಸ್ಸು ನನ್ನದಲ್ಲ. ಆ ಹಳೆಯ ಕಾರನ್ನು ಆಸೆಪಟ್ಟು ಮನೆಗೆ ತಂದವರು ಮಾವ. ಅವರಿಗೆ ಓಡಿಸಲು ಬಾರದು. ನನ್ನ ಯಜಮಾನರು ಗೇರು ಹಾಕಿದರೆ ಕಾರು ಎಗರಿ ನಿಂತುಬಿಡುತ್ತಿತ್ತು. ಯಶವಂತಪುರದ ಕಾರ್ಖಾನೆಯೊಂದರಲ್ಲಿ ಮೋಟಾರುಗಳಿಗೆ ತಂತಿ ಸುತ್ತುತ್ತಿದ್ದ ನಾನು ಬೇಗ ಕಲಿತೆ. ಬಸ್ಸಿನಲ್ಲಿ ಜೋತಾಡದೆ ಕೆಲಸಕ್ಕೆ ಹೋಗುವ ಸುಖ ಸಿಕ್ಕಿತ್ತು. ಮಾವ ಮಾತ್ರ ನಾನು ಓಡಿಸುವಾಗ ಹತ್ತುತ್ತಿರಲಿಲ್ಲ. ಸೊಸೆ ಓಡಿಸುವ ಕಾರಿನಲ್ಲಿ ಕೂತರೆ ಊರವರು ಏನೆಂದಾರು ಎಂದು ಯಲಹಂಕಕ್ಕೂ ಬಸ್ಸಿನಲ್ಲೇ ಹೋಗುತ್ತಿದ್ದರು.

ಆಯುಧಪೂಜೆ ಆದಮೇಲೆ ಕಾರು ಕೈಕೊಡತೊಡಗಿತು. ಬೆಳಿಗ್ಗೆ ಕೀ ತಿರುಗಿಸಿದರೆ ಬರೀ ಟಕ್ ಟಕ್. ಹೆಬ್ಬಾಳದ ಅಂಗಡಿಯಲ್ಲಿ ಬ್ಯಾಟರಿ ಚಾರ್ಜು ಮಾಡಿಸಿ ತಂದರೆ ಒಂದೆರಡು ದಿನ ಸರಿ, ಮತ್ತೆ ಅದೇ ರಾಗ. ಹೊಸ ಬ್ಯಾಟರಿ ಹಾಕಿದೆವು. ಅದೂ ಮಲಗಿತು. ಮಾವ ರೋಸಿಹೋದರು.

“ಈ ಕಾರು ನಮ್ಗೆ ಆಗ್ಬರಾಕಿಲ್ಲ. ಭಾನ್ವಾರ ಆರ್.ಟಿ. ನಗರದೋರು ನೋಡಾಕೆ ಬತ್ತಾರೆ, ಕೊಟ್ಬುಡಾನ.”

ನನಗೆ ಮೈಯೆಲ್ಲ ಉರಿಯಿತು. ಹೊಸ ಬ್ಯಾಟರಿಯೂ ಬರಿದಾಗುತ್ತದೆ ಎಂದರೆ ತಪ್ಪು ಬ್ಯಾಟರಿಯದಲ್ಲ, ಅದನ್ನು ತುಂಬಿಸುವ ಡೈನಮೊ ಕಡೆಯದು. ಈಗಿನ ಕಾರುಗಳಲ್ಲಿ ಆ ಕೆಲಸವನ್ನು ಆಲ್ಟರ್ನೇಟರ್ ಮಾಡುತ್ತದೆ. ತೊಟ್ಟಿಗೆ ನೀರು ಬಾರದಿದ್ದರೆ ಯಾರಾದರೂ ತೊಟ್ಟಿ ಬದಲಾಯಿಸುತ್ತಾರೆಯೇ? ಡೈನಮೊದ ಒಳಗಿರುವುದೂ ಸುತ್ತಿದ ತಂತಿಯೇ. ಅದು ನನ್ನ ದಿನನಿತ್ಯದ ಕೆಲಸ.

ಶನಿವಾರ ನಮ್ಮ ಸೂಪರ್‌ವೈಸರನ್ನು ಕೇಳಿ ವೋಲ್ಟೇಜ್ ಅಳೆಯುವ ಕಾರ್ಖಾನೆಯ ಮೀಟರು ತಂದೆ. ಮಾರನೆಯ ಬೆಳಿಗ್ಗೆ ಕಾರು ತಳ್ಳಿಸಿ ಎಂಜಿನ್ ಎಬ್ಬಿಸಿ, ಬ್ಯಾಟರಿಗೆ ಮೀಟರು ಹಿಡಿದೆ. ಎಂಜಿನ್ ಓಡುವಾಗ ಮುಳ್ಳು ಮೇಲೇರಬೇಕು, ಅದು ಅಲುಗಲಿಲ್ಲ. ಯಜಮಾನರಿಗೆ ಆಕ್ಸಿಲರೇಟರ್ ಒತ್ತಲು ಹೇಳಿದೆ. ಎಂಜಿನ್ ಅರಚಿತು, ಡೈನಮೊ ಮಾತ್ರ ಸೋಮಾರಿಯಂತೆ ತಿರುಗುತ್ತಿತ್ತು. ಎಲ್ಲ ನಿಲ್ಲಿಸಿ, ಅವೆರಡನ್ನೂ ಜೋಡಿಸುವ ಫ್ಯಾನ್ ಬೆಲ್ಟನ್ನು ಮುಟ್ಟಿದೆ. ಬೆರಳು ಜಾರಿತು. ಮೂಸಿದರೆ ಹರಳೆಣ್ಣೆ!

“ಮಾವ, ಇಲ್ಲಿಗೆ ಎಣ್ಣೆ ಹಾಕಿದ್ದು ಯಾರು?”

“ನಾನೇ ಕಣವ್ವ. ಆಯುಧಪೂಜೆಗೆ ಎತ್ತಿನ ಗಾಡಿ ಚಕ್ರದ ಕೀಲ್ಗೆ ಆಕ್ತಿರ್ನಿಲ್ವಾ? ಇದೂ ಗಾಡೀನೇ ಅಲ್ವಾ? ಅವತ್ತಿಂದ ವಾರ ವಾರ ತಿರುಗೋ ಕಡೆಗೆಲ್ಲ ಆಕ್ತಾ ಇವ್ನಿ.”

ನಗು ಬಂತು, ನುಂಗಿಕೊಂಡೆ. ಎಷ್ಟು ಅಕ್ಕರೆಯಿಂದ ಹಾಕಿದ್ದರೋ ಏನೋ.

“ಕೀಲು ಜಾರ್ಬೇಕು ಮಾವ, ಬೆಲ್ಟು ಜಾರ್ಬಾರ್ದು. ರಾಟೆ ಹಗ್ಗಕ್ಕೆ ಎಣ್ಣೆ ಸವರಿ ಬಾವಿ ನೀರು ಸೇದೋಕಾಗುತ್ತಾ?”

ಅವರು ಬಾಗಿ ಬೆಲ್ಟನ್ನು ತಾವೂ ಮುಟ್ಟಿ ನೋಡಿದರು. ಆಮೇಲೆ ಒಳಗೆ ಹೋಗಿ ಸೀಗೆಪುಡಿಯ ಡಬ್ಬಿ ತಂದರು. ಎಣ್ಣೆ ಹಚ್ಚಿದ ಮೇಲೆ ಸೀಗೆಪುಡಿ ಹಾಕಿ ತಾನೇ ತೊಳೆಯುವುದು! ನಾನು ಬೆಲ್ಟು ಬಿಚ್ಚಿಕೊಟ್ಟೆ, ಮಾವ ತಿಕ್ಕಿ ತಿಕ್ಕಿ ತೊಳೆದು ಬಿಸಿಲಿಗೆ ಹಾಕಿದರು. ಒಣಗಿದ ಮೇಲೆ ಪುಲ್ಲಿಗಳನ್ನು ಒರೆಸಿ, ಬೆಲ್ಟು ಬಿಗಿಯಾಗಿ ಕೂರಿಸಿದೆ. ಈ ಸಲ ಎಂಜಿನ್ ಎದ್ದದ್ದೇ ತಡ, ಮೀಟರಿನ ಮುಳ್ಳು ಹನ್ನೆರಡು ವೋಲ್ಟ್ ದಾಟಿ ಹದಿನಾಲ್ಕರತ್ತ ಏರಿತು. ಅವತ್ತು ನನಗಾದ ಹೆಮ್ಮೆ ಮದುವೆಯ ದಿನವೂ ಆಗಿರಲಿಲ್ಲ.

ಮಧ್ಯಾಹ್ನ ಆರ್.ಟಿ. ನಗರದವರು ಬಂದಾಗ ಮಾವ ಬಾನೆಟ್ ಮೇಲೆ ಕೈಯಿಟ್ಟು ನಿಂತಿದ್ದರು.

“ಕಾರು ಕೊಡಾಕಿಲ್ಲ ಸ್ವಾಮಿ. ಕಾಪಿ ಕುಡ್ದು ಓಗಿ. ನಮ್ಮ ಸೊಸೆ ರಿಪೇರಿ ಮಾಡವ್ಳೆ.”

ಬಂದವರು ಹೋದಮೇಲೆ, ಬ್ಯಾಟರಿ ತುಂಬಲಿ ಎಂದು ನಾನು ಹೆಸರಘಟ್ಟದ ಕಡೆಗೆ ಒಂದು ಸುತ್ತು ಹೊರಟೆ. ಎಂಜಿನ್ ಸದ್ದು ಕೇಳಿ ಮಾವ ಹೆಗಲಿಗೆ ಟವೆಲ್ ಹಾಕಿಕೊಂಡು ಬಂದು, ಮುಂದಿನ ಬಾಗಿಲು ತೆಗೆದು ನನ್ನ ಪಕ್ಕದಲ್ಲೇ ಕೂತರು. ನಾನು ಅಭ್ಯಾಸಬಲದಿಂದ, ಊರವರ ಕಣ್ಣು ತಪ್ಪಿಸಲು ದಿನವೂ ಹಿಡಿಯುತ್ತಿದ್ದ ಊರಾಚೆಯ ದಾರಿಗೆ ಸ್ಟೀರಿಂಗ್ ತಿರುಗಿಸಿದೆ.

“ಅತ್ಲಾಗ್ಯಾಕೆ?” ಎಂದರು. “ಊರೊಳಗಿಂದ್ಲೇ ಓಗವ್ವ, ನಿಧಾನಕ್ಕೆ. ಎಲ್ರೂ ನೋಡ್ಲಿ.”