ಯಾರಿಗೂ ಕೊಡದ ನಲವತ್ತೇಳು

ಬೆಳಗಿನ ಐದೂವರೆ. ಆಸ್ಪತ್ರೆಯ ಔಷಧಿ ಕೌಂಟರಿನ ಶಟರ್ ಇನ್ನೂ ಮೇಲೆದ್ದಿಲ್ಲ. ಒಳಗೆ ನಂಬರಕ್ಕ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು ಕಂಪ್ಯೂಟರಿನ ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪಿಸುತ್ತಿದ್ದಾರೆ. ನಿನ್ನೆ ಕೆಟ್ಟುಹೋದದ್ದರ ಬದಲು ಬಂದ ಕಂಪ್ಯೂಟರ್ ಇದು. ಇದಕ್ಕೊಂದು ವಿಳಾಸ ಕೊಡಬೇಕು. ವಿಳಾಸವಿಲ್ಲದ ಕಂಪ್ಯೂಟರ್ ಎಂದರೆ ಕಾಗದ ತಲುಪದ ಮನೆಯಿದ್ದಂತೆ. ನಾಲ್ಕು ಗುಂಪು ಅಂಕಿ, ನಡುನಡುವೆ ಚುಕ್ಕಿ, ಕೊನೆಗೆ ಎಂಟರ್. "ಹ್ಞಾ, ಈಗ ಬಾಯಿ ಬಿಡು ನೋಡೋಣ," ಎಂದು ಅದರ ಬೆನ್ನು ತಟ್ಟುತ್ತಾರೆ.

ಐದು ಮಹಡಿ, ನೂರ ಮೂವತ್ತೆರಡು ಕಂಪ್ಯೂಟರು. ಅಷ್ಟರ ವಿಳಾಸವೂ ಇವರಿಗೆ ಬಾಯಿಪಾಠ; ಅದಕ್ಕೇ ಆಸ್ಪತ್ರೆಗೆಲ್ಲ ಇವರು ನಂಬರಕ್ಕ. ತಲೆ ಮೇಲೆ ತಲೆ ಬಿದ್ದರೂ ಹೊರರೋಗಿಗಳು ಬರುವ ಮೊದಲು ಒಂದು ಸುತ್ತು ಮುಗಿಯಲೇಬೇಕು.

ಓದಿದ್ದು ಏಳನೇ ಕ್ಲಾಸು, ಕೆಲಸಕ್ಕೆ ಸೇರಿದ್ದು ಧೂಳು ಒರೆಸಲು. ಹೆರಿಗೆ ವಾರ್ಡಿನ ದೊಡ್ಡ ಸಿಸ್ಟರ್ ಒಂದು ದಿನ ಕೈಹಿಡಿದು ಕಂಪ್ಯೂಟರಿನ ಮುಂದೆ ಕೂರಿಸಿದರು. "'ಒರೆಸೋ ಕೈಗೆ ಒತ್ತೋಕೆ ಬರಲ್ವೇನೇ?' ಅಂತ ಗದರಿದ್ರು. ಇಂಗ್ಲಿಷ್ ಅಕ್ಷರಾನ ಚಿತ್ರ ಬರೆದ ಹಾಗೆ ಬರ್ಕೊಂಡು ಕಲಿತೆ," ಎನ್ನುತ್ತಾರೆ. ಮೊದಲ ವಾರವೇ ಲ್ಯಾಬಿಗೂ ಔಷಧಿ ಕೌಂಟರಿಗೂ ಒಂದೇ ವಿಳಾಸ ಕೊಟ್ಟುಬಿಟ್ಟರು! ಎರಡೂ ಜಗಳಕ್ಕೆ ಬಿದ್ದು ಕೆಲಸ ನಿಲ್ಲಿಸಿದವು. ಜನರ ಸಾಲು ಗೇಟು ಮುಟ್ಟಿತು. ಎಲ್ಲರೂ ಬೈದರೆ ಸಿಸ್ಟರ್ ಮಾತ್ರ ಬಿದ್ದು ಬಿದ್ದು ನಕ್ಕರಂತೆ. "ಆ ನಗು ಈಗೆಲ್ಲಿಂದ ತರೋಣ ಹೇಳಿ!"

ಸಿಸ್ಟರ್ ತೀರಿಕೊಂಡು ಒಂಬತ್ತು ವರ್ಷವಾಯಿತು. ಅವರ ಮೇಜಿನ ಕಂಪ್ಯೂಟರಿನ ವಿಳಾಸ ನಲವತ್ತೇಳಕ್ಕೆ ಮುಗಿಯುತ್ತಿತ್ತು. ಆ ಸಂಖ್ಯೆಯನ್ನು ನಂಬರಕ್ಕ ಮತ್ತೆ ಯಾವುದಕ್ಕೂ ಕೊಟ್ಟಿಲ್ಲ. ಕೇಳಿದವರಿಗೆಲ್ಲ ಏನಾದರೊಂದು ನೆಪ ಹೇಳಿ ಸಾಗಹಾಕಿದ್ದಾರೆ.

ಈಗ ಪೀಕಲಾಟ ಶುರುವಾಗಿದೆ. ಸೋಮವಾರದಿಂದ ಹೊಸ ಯಂತ್ರವೊಂದು ತಾನೇ ವಿಳಾಸ ಹಂಚುತ್ತದೆ. ಖಾಲಿ ಕಂಡದ್ದನ್ನು ಯಾರಿಗೆ ಬೇಕಾದರೂ ಕೊಟ್ಟುಬಿಡುತ್ತದೆ. "ಅದಕ್ಕೇನು ಗೊತ್ತು ಸಿಸ್ಟರ್ ಯಾರು ಅಂತ? ನನ್ನ ಕೆಲಸ ಹೋದ್ರೆ ಹಾಳಾಗ್ಲಿ. ಆ ಒಂದು ನಂಬರ್ ಮಾತ್ರ..." ಸೆರಗಿನಿಂದ ಕೀಬೋರ್ಡ್ ಒರೆಸತೊಡಗುತ್ತಾರೆ.

ಎಂಟಕ್ಕೆ ಆ ಯಂತ್ರ ಕೂರಿಸುವ ಹೊಸ ಎಂಜಿನಿಯರ್ ಬರುತ್ತಾರೆ. ನಂಬರಕ್ಕ ತಡವರಿಸುತ್ತಲೇ ಕೇಳುತ್ತಾರೆ: "ಸರ್, ನಲವತ್ತೇಳನ್ನ ಬಿಟ್ಟು ಹಂಚೋಕಾಗುತ್ತಾ?"

"ಆಗುತ್ತಮ್ಮ. ಈ ಫಾರಂನಲ್ಲಿ ಬರೆದುಕೊಡಿ. ಕಾರಣ ಮಾತ್ರ ಬರೀಲೇಬೇಕು, ಮೇಲಿನವರು ಕೇಳ್ತಾರೆ."

ನಂಬರಕ್ಕ ಪೆನ್ನು ಹಿಡಿಯುತ್ತಾರೆ. ಇಷ್ಟು ವರ್ಷ ಹೇಳಿದ ಯಾವ ನೆಪವೂ ಇಂದು ಕೈಗೆ ಬರುವುದಿಲ್ಲ. ಕೊನೆಗೆ, ಬಸ್ಸಿನಲ್ಲಿ ಪಕ್ಕದ ಖಾಲಿ ಸೀಟಿನ ಮೇಲೆ ಕೈಯಿಟ್ಟು ನಾವೆಲ್ಲ ಹೇಳುವ ಮಾತನ್ನೇ ದುಂಡಗೆ ಬರೆಯುತ್ತಾರೆ: "ಜನ ಇದ್ದಾರೆ."

ಎಂಜಿನಿಯರ್ ಓದಿ ಸಹಿ ಹಾಕುತ್ತಾರೆ.