ಹುರುಳಿ ಮೊಳಕೆಯ ಪಾಠ

ನಲವತ್ತರ ದಶಕದಲ್ಲಿ ನಾನು ದೊಡ್ಡಬಳ್ಳಾಪುರದ ಮಿಡ್ಲ್ ಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ನೇಕಾರರ ಬೀದಿಯ ಕೊನೆಯಲ್ಲಿ ಒಂದು ಶಿಶುವಿಹಾರವಿತ್ತು. ಅದನ್ನು ನಡೆಸುತ್ತಿದ್ದ ಟೀಚರಮ್ಮ ನನಗಿಂತ ಹತ್ತು ವರ್ಷ ಹಿರಿಯರು. ಮಕ್ಕಳಿಗೆ ಹಾಡು ಹೇಳಿಕೊಡುವುದು, ಮೂಗು ಒರೆಸುವುದು, ಮಧ್ಯಾಹ್ನ ಮುದ್ದೆ ಸಾರು ಮಾಡಿ ಬಡಿಸುವುದು ಎಲ್ಲ ಅವರೇ. ಆ ಮಾಗಿಯಲ್ಲಿ ಸಮಿತಿಯವರು ಅವರಿಗೆ ಖಡಾಖಂಡಿತವಾಗಿ ಹೇಳಿಬಿಟ್ಟರು: ಬೆಂಗಳೂರಿನಿಂದ ಇನ್ಸ್‌ಪೆಕ್ಟರಮ್ಮ ಬರುತ್ತಾರೆ, ಮಕ್ಕಳಿಗೆ ವಿಜ್ಞಾನ ಕಲಿಸಿದ್ದು ಕಾಣದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ. ಟೀಚರಮ್ಮ ಕಣ್ಣಲ್ಲಿ ನೀರು ತುಂಬಿಕೊಂಡು ನನ್ನ ಹತ್ತಿರ ಬಂದರು.

ನನಗೋ ಆಗ ಬಿಸಿರಕ್ತ. ಊರಲ್ಲಿ ನನ್ನ ಬಿಟ್ಟರೆ ವಿಜ್ಞಾನ ಬಲ್ಲವರಿಲ್ಲ ಎಂಬ ಜಂಬ ಬೇರೆ. "ಹುರುಳಿ ನೆನೆಹಾಕಿ ಮೊಳಕೆ ಕಟ್ಟಿ, ಮಕ್ಕಳಿಗೆ ದಿನಾ ಬಿಚ್ಚಿ ತೋರ್ಸಿ. ಮಿಕ್ಕಿದ್ದು ನಾನು ಬಂದು ನೋಡ್ಕೋತೀನಿ" ಎಂದು ಅಪ್ಪಣೆ ಕೊಡಿಸಿದೆ. ಯಾಕೆ, ಏನು ಎಂದು ಒಂದು ಮಾತೂ ಹೇಳಲಿಲ್ಲ. ಬೇರು, ಕಾಂಡ, ಎಲೆ ಎಂದು ದೊಡ್ಡ ಪಟ ಬರೆಯುವುದರಲ್ಲಿ ಮುಳುಗಿಹೋದೆ.

ತನಿಖೆಯ ದಿನ ಪಟ ಸುತ್ತಿಕೊಂಡು ಹೋದರೆ ಬಾಗಿಲಲ್ಲೇ ಒಗ್ಗರಣೆಯ ವಾಸನೆ.

"ಟೀಚರಮ್ಮ, ಹುರುಳಿ ಎಲ್ಲಿ?"

"ಒಲೆ ಮೇಲೈತೆ ಮೇಷ್ಟ್ರೇ. ಮೊಳಕೆ ಬಂದ್ಮೇಲೆ ಸಾರು ಮಾಡ್ದೆ ಇನ್ನೇನ್ ಮಾಡ್ತಾರೆ? ದೊಡ್ಡೋರು ಬೇರೆ ಬರ್ತಾವ್ರೆ."

ಒಂದು ಕಾಳೂ ಉಳಿಸಿರಲಿಲ್ಲ. ಕೋಪ ನೆತ್ತಿಗೇರಿತು, ಬಾಯಿಗೆ ಬಂದದ್ದು ಅಂದುಬಿಡುತ್ತಿದ್ದೆ, ಅಷ್ಟರಲ್ಲಿ ಇನ್ಸ್‌ಪೆಕ್ಟರಮ್ಮ ಬಂದೇಬಿಟ್ಟರು. ಟೀಚರಮ್ಮ ಅವರನ್ನೂ ಮಕ್ಕಳ ಸಾಲಿನಲ್ಲೇ ಕೂರಿಸಿ ಮುತ್ತುಗದೆಲೆ ಹಾಕಿದರು. ಇವರ ಕೆಲಸ ಹೋಯಿತು, ಕಳೆದವನು ನಾನೇ ಎಂದುಕೊಂಡು ಗೋಡೆಗೊರಗಿ ನಿಂತೆ.

ಊಟದ ನಡುವೆ ಇನ್ಸ್‌ಪೆಕ್ಟರಮ್ಮ ಪಕ್ಕದ ಪುಟ್ಟ ಹುಡುಗಿಯನ್ನು ಕೇಳಿದರು: "ಸಾರಲ್ಲಿ ಏನ್ ಹುಡುಕ್ತಿದ್ದೀಯಮ್ಮಾ?"

"ಬಾಲ" ಎಂದಳು ಅವಳು. "ಈ ಕಾಳಿಗೆ ಉದ್ದ ಬಾಲ ಐತೆ, ಇದು ಒಲೆ ಪಕ್ಕದ ಗಂಟಿಂದು. ಇದ್ಕೆ ಚೂರೇ ಚೂರು. ಇದು ನೀರಿನ ಗಡಿಗೆ ಪಕ್ಕದ್ದು. ಅಲ್ಲಿ ಚಳಿ."

"ಯಾರು ಹೇಳಿಕೊಟ್ಟರು?"

"ಯಾರೂ ಇಲ್ಲ. ನಾವೇ ದಿನಾ ಬಿಚ್ಚಿ ನೋಡಿದ್ವಿ."

ಎದುರು ಸಾಲಿನವರೂ ಸುಮ್ಮನಿರಲಿಲ್ಲ. ಈ ಕಾಳು ನೀರೇ ಕುಡಿದಿಲ್ಲ, ಕಲ್ಲಾಗಿದೆ ಎಂದು ಒಬ್ಬಳು. ಅದನ್ನು ಕಡಿದು ನೋಡಿ ಹೌದೆಂದು ಇನ್ನೊಬ್ಬ. ಇನ್ಸ್‌ಪೆಕ್ಟರಮ್ಮ ಮುದ್ದೆ ಮುರಿಯುವುದನ್ನು ಬಿಟ್ಟು ತಮ್ಮ ಎಲೆಯಲ್ಲೂ ಬಾಲ ಹುಡುಕತೊಡಗಿದರು. ಒಂದು ಬಟ್ಟೆ ಸಾಲದೆ ಟೀಚರಮ್ಮ ಎರಡು ಗಂಟು ಕಟ್ಟಿ, ಜಾಗವಿದ್ದ ಕಡೆ ಇಟ್ಟಿದ್ದರಂತೆ. ಹಾಗೆ ಎರಡು ಕಡೆ ಇಟ್ಟು ಹೋಲಿಸುವುದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಪಟವನ್ನು ಮೆಲ್ಲಗೆ ಬಾಗಿಲ ಹಿಂದೆ ಸರಿಸಿದೆ.

ಹೊರಡುವ ಮುಂಚೆ ಇನ್ಸ್‌ಪೆಕ್ಟರಮ್ಮ ಭೇಟಿಯ ಪುಸ್ತಕದಲ್ಲಿ, ಇವರನ್ನೇ ಮುಂದುವರಿಸತಕ್ಕದ್ದು ಎಂದು ಬರೆದು ರುಜು ಹಾಕಿದರು. ಟೀಚರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಇನ್ಸ್‌ಪೆಕ್ಟರಮ್ಮನ ಗಾಡಿ ಮರೆಯಾದ ಮೇಲೆ ಟೀಚರಮ್ಮ ಸಣ್ಣ ದನಿಯಲ್ಲಿ ಕೇಳಿದರು: "ಅದ್ಸರಿ ಮೇಷ್ಟ್ರೇ, ಆ ವಿಜ್ಞಾನದ ಪಾಠ ಯಾವಾಗ ಶುರು ಮಾಡೋಣ?"

"ಅದು ಮುಗೀತಲ್ಲ ತಾಯಿ" ಎಂದೆ. "ನಂಗೂ ಒಂದ್ ಎಲೆ ಹಾಕಿ."